ದುಬೈಗೆ ಹೋಗುವಾಗ ಎರಡು ಗಂಟೆ, ಬರುವಾಗ ಐದು ಗಂಟೆ: ಯಾಕೆ ಹೀಗೆ?

ಪ್ರಶ್ನೆ: ಮಗ ದುಬೈಗೆ ಟಿಕೆಟ್ ಕಳಿಸಿದ್ದಾನೆ. ಹೋಗುವಾಗ ರಾತ್ರಿ 8ಕ್ಕೆ ಮಂಗಳೂರು ಬಿಟ್ಟು 10.10ಕ್ಕೆ ತಲುಪುತ್ತದೆ ಎಂದಿದೆ. ಬರುವಾಗ ರಾತ್ರಿ 11ಕ್ಕೆ ಹೊರಟು ಬೆಳಗಿನ ಜಾವ 4ಕ್ಕೆ. ದಾರಿ ಒಂದೇ ಅಲ್ವಾ? ದೂರ ಎಷ್ಟು?

ಉತ್ತರ: ದಾರಿ ಒಂದೇ ಅಮ್ಮ. ವಿಮಾನದಲ್ಲಿ ಕೂರುವ ಹೊತ್ತೂ ಹೆಚ್ಚುಕಡಿಮೆ ಒಂದೇ, ಸುಮಾರು ಮೂರೂವರೆ ಗಂಟೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ಅಲ್ಲಿ ಇಳಿಯುವಾಗ ಉಡುಪಿಯ ಮನೆಯಲ್ಲಿ 11.40 ಆಗಿರುತ್ತದೆ. 8ರಿಂದ 11.40, ಅಂದರೆ ಮೂರು ಗಂಟೆ 40 ನಿಮಿಷ. ಬರುವಾಗ ಅದೇ ಒಂದೂವರೆ ಗಂಟೆ ಮೇಲಕ್ಕೆ ಸೇರುತ್ತದೆ. ಐದರಲ್ಲಿ ಅದನ್ನು ಕಳೆಯಿರಿ, ಮೂರೂವರೆ ಸಿಗುತ್ತದೆ.

ಉಳಿದ ಹತ್ತು ನಿಮಿಷ ಗಾಳಿಯದ್ದು. ವಿಮಾನ ಹಾರುವ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ, ಮುಖ್ಯವಾಗಿ ಚಳಿಗಾಲದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಊರಿಗೆ ಬರುವಾಗ ಅದು ಹಿಂದಿನಿಂದ ನೂಕುತ್ತದೆ, ಹೋಗುವಾಗ ಎದುರಾಗುತ್ತದೆ.

ದೂರ ನೇರ ಲೆಕ್ಕದಲ್ಲಿ ಸುಮಾರು 2,450 ಕಿಲೋಮೀಟರ್. ನೆನಪಿಡಲು ಒಂದು ಸುಲಭ ದಾರಿ ಇದೆ: ಮಂಗಳೂರು ವಿಮಾನ ನಿಲ್ದಾಣ ಇರುವ ಬಜ್ಪೆಯ ದೊಡ್ಡ ರನ್‌ವೇ ಉದ್ದ 2,450 ಮೀಟರ್. ಅಂಥ ಸಾವಿರ ರನ್‌ವೇ ಜೋಡಿಸಿದರೆ ದುಬೈ! ದಾರಿಯಲ್ಲಿ ಬಹುಪಾಲು ಕೆಳಗೆ ಅರಬ್ಬೀ ಸಮುದ್ರವೇ.

ಗಂಟೆಗೆ 800 ಕಿಲೋಮೀಟರ್ ಓಡುವ ವಿಮಾನಕ್ಕೆ ಇಷ್ಟು ದೂರಕ್ಕೆ ಮೂರು ಗಂಟೆ ಸಾಕಲ್ಲ ಎಂದು ಅನಿಸಬಹುದು. ಆದರೆ ಹೊರಡುವ ಜಾಗದಿಂದ ರನ್‌ವೇಗೆ ಬರುವುದು, ಮೇಲೇರುವುದು, ನಿಧಾನವಾಗಿ ಇಳಿಯುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಹೋಗುವುದು, ಎಲ್ಲವೂ ಟಿಕೆಟ್‌ನ ಸಮಯದಲ್ಲಿ ಸೇರಿದೆ. ಬೆಂಗಳೂರಿಗೆ ನೇರ ಲೆಕ್ಕದಲ್ಲಿ 300 ಕಿಲೋಮೀಟರ್ ಇದ್ದರೂ ಒಂದು ಗಂಟೆ ಹಾಕುವುದು ಇದಕ್ಕೇ.

ಇನ್ನು ತಾರೀಕು. ಇಲ್ಲಿ ತಪ್ಪುವವರು ಜಾಸ್ತಿ. ನೀವು 11ನೇ ತಾರೀಕಿನ ರಾತ್ರಿ ದುಬೈ ಬಿಟ್ಟರೆ ಇಲ್ಲಿ ಇಳಿಯುವುದು 12ನೇ ತಾರೀಕಿನ ಬೆಳಗಿನ ಜಾವ. ಕರೆಯಲು ಬರುವವರು 12 ಅಂತ ಓದಿ, ಆ ದಿನ ರಾತ್ರಿ ಊಟ ಮಾಡಿ ಹೊರಟರೆ ಕೆಟ್ಟಿತು. ನಮ್ಮ ಮನೆಯಲ್ಲೇ ಹೀಗಾಗಿ ಚಿಕ್ಕಮ್ಮ ಮೂರು ಪೆಟ್ಟಿಗೆ ಇಟ್ಟುಕೊಂಡು ಒಬ್ಬರೇ ಕೂತಿದ್ದರು, ಕೈಚೀಲದಲ್ಲಿ ಮೊಮ್ಮಗಳು ಕೊಟ್ಟ ಖರ್ಜೂರ ಹಿಡಿದುಕೊಂಡು. ಈಗಲೂ ನೆನೆದರೆ ಬೇಜಾರಾಗುತ್ತದೆ. ಉಡುಪಿಯಿಂದ ಬಜ್ಪೆಗೆ ಒಂದೂವರೆ ಗಂಟೆ ಬೇಕು. 11ರ ರಾತ್ರಿ ಬೇಗ ಮಲಗಿ, ಎರಡೂವರೆಗೆ ಗಾಡಿ ತೆಗೆಯಬೇಕು ಎಂದು ಮನೆಯವರಿಗೆ ಈಗಲೇ ಬರೆದುಕೊಡಿ.