ಅಡಿಕೆ ದರದ ಮೇಲ್ ಸ್ಪ್ಯಾಮ್‌ಗೆ ಹೋಗದಿರಬೇಕಾದರೆ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಸಹಕಾರ ಸಂಘಗಳಿಗೆ ಮೇಲ್ ವ್ಯವಸ್ಥೆ ಮಾಡಿಕೊಡುವುದು ನನ್ನ ಕೆಲಸ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರ ಸಂಜೆ ಹೊತ್ತಿಗೆ ಸದಸ್ಯರಿಗೆಲ್ಲ ಹೋಗಿರುತ್ತದೆ, ಆದರೆ ಎಷ್ಟೋ ಜನರಿಗೆ ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಆಗ ಕಾರ್ಯದರ್ಶಿಗಳು ಕೇಳುತ್ತಾರೆ: "ಜಿಮೇಲ್‌ನವರ ಹತ್ತಿರ ನಿಮಗೆ ಯಾರಾದರೂ ಪರಿಚಯ ಇದ್ದಾರಾ ಸಾರ್?"

ಇದು ಪರಿಚಯದಿಂದ ಆಗುವ ಕೆಲಸವಲ್ಲ. ಮೇಲ್ ಸೇವೆ ಕೊಡುವವರು ನೋಡುವುದು ಕಳಿಸಿದವರ ನಡವಳಿಕೆಯನ್ನು ಮತ್ತು ಅದನ್ನು ಪಡೆದವರು ಏನು ಮಾಡಿದರು ಎಂಬುದನ್ನು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಇದನ್ನು ಬರೆದೇ ಹೇಳಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000 ಮೇಲ್ ದಾಟುವವರಿಗೆ ಎಸ್‌ಪಿಎಫ್ (ನಿಮ್ಮ ಹೆಸರಿನಲ್ಲಿ ಯಾವ ಸರ್ವರ್ ಕಳಿಸಬಹುದೆಂಬ ಪಟ್ಟಿ), ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ (ಇವು ತಾಳೆಯಾಗದ ಮೇಲನ್ನು ಏನು ಮಾಡಬೇಕೆಂಬ ಸೂಚನೆ) ಮೂರೂ ಕಡ್ಡಾಯ. ಪ್ರಚಾರದ ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಅಂದರೆ ಇನ್ನು ಮೇಲ್ ಬೇಡ ಎನ್ನಲು ಆಗಬೇಕು. ಬೇಡ ಎಂದವರನ್ನು ಎರಡು ದಿನದೊಳಗೆ ಪಟ್ಟಿಯಿಂದ ತೆಗೆಯಬೇಕು. ಪಡೆದವರು ಇದು ಸ್ಪ್ಯಾಮ್ ಎಂದು ಒತ್ತುವ ದೂರು ಶೇ 0.3 ಮುಟ್ಟಬಾರದು, ಅಂದರೆ ಸಾವಿರ ಮೇಲ್‌ಗೆ ಮೂರು. ಶೇ 0.1ಕ್ಕಿಂತ ಕೆಳಗಿರಲಿ ಎಂಬುದು ಗೂಗಲ್‌ನ ಸಲಹೆ. ಸಣ್ಣ ಸಂಘದವರೂ ಇದನ್ನೆಲ್ಲ ಮಾಡಿಬಿಡುವುದು ಒಳ್ಳೆಯದು.

ತಾಂತ್ರಿಕ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ನಿಜವಾದ ತೊಡಕಿರುವುದು ವಿಳಾಸದ ಪಟ್ಟಿಯಲ್ಲಿ. ನಮ್ಮ ಕಡೆ ಎಷ್ಟೋ ಬೆಳೆಗಾರರ ಇ-ಮೇಲ್, ಯಾವುದೋ ಅರ್ಜಿ ತುಂಬುವಾಗ ಸೈಬರ್ ಅಂಗಡಿಯವರು ಮಾಡಿಕೊಟ್ಟದ್ದು. ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕೆಲವು ಅರ್ಜಿಗಳಲ್ಲಂತೂ ಅಂಗಡಿಯವರದೇ ವಿಳಾಸ! ಇಂಥವಕ್ಕೆ ಕಳಿಸುತ್ತಲೇ ಇದ್ದರೆ ಒಂದಷ್ಟು ಬೌನ್ಸ್ ಆಗುತ್ತವೆ (ತಲುಪದೆ ವಾಪಸ್ ಬರುತ್ತವೆ), ಒಂದಷ್ಟನ್ನು ಯಾರೂ ತೆರೆಯುವುದಿಲ್ಲ. ಬಹುಕಾಲ ಸತ್ತಿದ್ದ ವಿಳಾಸವನ್ನೇ ಕೆಲವು ಸಂಸ್ಥೆಗಳು ಸ್ಪ್ಯಾಮ್ ಹಿಡಿಯುವ ಬಲೆಯಾಗಿ ಬಳಸುವುದೂ ಉಂಟು. ಹಾಗಾಗಿ ವಾರ್ಷಿಕ ಮಹಾಸಭೆಗೆ ಸದಸ್ಯರು ಬಂದಾಗ ಒಂದು ಮೇಜು ಹಾಕಿ ಕೂರಿ. "ದರದ ಮೇಲ್ ನಿಮಗೆ ಬೇಕಾ, ಯಾವ ವಿಳಾಸಕ್ಕೆ?" ಎಂದು ಕೇಳಿ, ಅಲ್ಲೇ ಒಂದು ಮೇಲ್ ಕಳಿಸಿ, ಅದಕ್ಕೆ ಅವರಿಂದ ಒಪ್ಪಿಗೆ ಒತ್ತಿಸಿಕೊಳ್ಳಿ. ಪಟ್ಟಿ ಅರ್ಧಕ್ಕಿಳಿದರೂ ಚಿಂತೆಯಿಲ್ಲ. ಉಳಿದವರು ಓದುವವರು.

ಬೇಸಿಗೆಯಿಡೀ ಸುಮ್ಮನಿದ್ದ ಸರ್ವರ್‌ನಿಂದ, ಮಳೆ ಹಿಡಿದ ದಿನ ಎಲ್ಲರಿಗೂ ಒಟ್ಟಿಗೆ ಕೊಳೆರೋಗದ ಎಚ್ಚರಿಕೆ ಕಳಿಸುವುದು ಇನ್ನೊಂದು ಅಪಾಯ. ಹೊಸ ಸದಸ್ಯನಿಗೆ ಮೊದಲ ವರ್ಷವೇ ದೊಡ್ಡ ಸಾಲವನ್ನು ಯಾವ ಸೊಸೈಟಿ ಕೊಡುತ್ತದೆ? ಇಲ್ಲೂ ಹಾಗೆಯೇ, ಮೇಲ್ ಸೇವೆಯವರ ನಂಬಿಕೆಯನ್ನು ಮೊದಲು ಗಳಿಸಬೇಕು. ಮೊದಲು ಚೆನ್ನಾಗಿ ಓದುವ ಕೆಲವರಿಗೆ ಕಳಿಸಿ, ವಾರ ಕಳೆದಂತೆ ಸಂಖ್ಯೆ ಏರಿಸಿ, ಮಳೆಗಾಲಕ್ಕೆ ಮುಂಚೆಯೇ ಹದಕ್ಕೆ ತನ್ನಿ.

ಮೇಲ್ ಸೇವೆಯವರು ಹೇಳುವುದನ್ನು ಕೇಳಿಸಿಕೊಳ್ಳುವ ದಾರಿಗಳೂ ಇವೆ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್ ದೂರಿನ ಪ್ರಮಾಣ ತೋರಿಸುತ್ತದೆ, ದೂರಿದವರು ಯಾರೆಂದು ಹೇಳುವುದಿಲ್ಲ. ಯಾಹೂ ಮತ್ತು ಮೈಕ್ರೋಸಾಫ್ಟ್‌ನಲ್ಲಿ ನೋಂದಾಯಿಸಿಕೊಂಡರೆ ಪ್ರತಿ ದೂರಿನ ವರದಿಯೂ ಬರುತ್ತದೆ. ದೂರಿದವರನ್ನು ಅವತ್ತೇ ಪಟ್ಟಿಯಿಂದ ತೆಗೆಯಿರಿ. ಸರ್ವರ್ ಲಾಗ್‌ನಲ್ಲಿ (ಕಳಿಸಿದ ಮೇಲ್‌ಗಳ ದಾಖಲೆಯಲ್ಲಿ) ಉತ್ತರವಾಗಿ 4ರಿಂದ ಶುರುವಾಗುವ ಸಂಖ್ಯೆ ಕಂಡರೆ ಅದು ತಾತ್ಕಾಲಿಕ ತಡೆ, ತಾಳಿ, ನಿಧಾನಿಸಿ. 5ರಿಂದ ಶುರುವಾದರೆ ಅದು ನಿರಾಕರಣೆ, ಪಕ್ಕದಲ್ಲಿರುವ ಕಾರಣ ಓದಿ.

ಸ್ಪ್ಯಾಮ್ ಕಳಿಸುವ ಸರ್ವರ್‌ಗಳನ್ನು ಪಟ್ಟಿ ಮಾಡುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಯ ತಡೆಪಟ್ಟಿಗೆ ನಿಮ್ಮ ಸರ್ವರ್ ಸೇರಿದರೆ ತಕ್ಷಣ ಕೋಪದ ಪತ್ರ ಬರೆಯಬೇಡಿ. ಮೊದಲು ಕಾರಣ ಹುಡುಕಿ ಸರಿಪಡಿಸಿ. ಆಮೇಲೆ ಅವರ ಫಾರಂನಲ್ಲಿ ಐಪಿ ವಿಳಾಸ (ಇಂಟರ್‌ನೆಟ್‌ನಲ್ಲಿ ನಿಮ್ಮ ಸರ್ವರ್‌ನ ಸಂಖ್ಯೆ), ಬಂದ ದೋಷದ ಸಾಲು, ಸರಿಪಡಿಸಿದ್ದೇನು ಎಂದಿಷ್ಟನ್ನೇ ಬರೆಯಿರಿ. ಸರಿಪಡಿಸದೆ ಹೆಸರು ತೆಗೆಸಿಕೊಂಡರೆ ಮತ್ತೆ ಸೇರುತ್ತೀರಿ, ಎರಡನೇ ಸಲ ಬಿಡಿಸಿಕೊಳ್ಳುವುದು ಇನ್ನೂ ಕಷ್ಟ.