ಪರಿವೀಕ್ಷಣಾಧಿಕಾರಿ ಮನೆಗೆ ಬಂದಾಗ ಮುಚ್ಚಿಡಬೇಡಿ

ಅಪರಾಧದ ಆರೋಪ ಹೊತ್ತ 18 ವರ್ಷದೊಳಗಿನವರ ಪ್ರಕರಣಗಳನ್ನು ನೋಡುವ ಬಾಲ ನ್ಯಾಯ ಮಂಡಳಿಯ ಮುಂದೆ ಮಕ್ಕಳ ಪರವಾಗಿ ವಾದಿಸುವ ನನಗೆ ಅತಿ ಹೆಚ್ಚು ತೊಡಕು ಉಂಟುಮಾಡುವುದು, ಮಗನನ್ನು ಉಳಿಸಿಕೊಳ್ಳಬೇಕೆಂಬ ಆತುರದಲ್ಲಿ ತಂದೆತಾಯಂದಿರು ಹೇಳುವ ಸುಳ್ಳು. ಹುಡುಗನನ್ನು ಮಂಡಳಿಯ ಮುಂದೆ ಮೊದಲು ಹಾಜರುಪಡಿಸಿದ 15 ದಿನಗಳೊಳಗೆ ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ಸಾಮಾಜಿಕ ತನಿಖಾ ವರದಿ ಬರಬೇಕೆಂದು 2015ರ ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಅದಕ್ಕಾಗಿ ಮನೆಗೆ ಬರುವವರನ್ನು ಮಫ್ತಿಯಲ್ಲಿರುವ ಪೊಲೀಸರೆಂದೇ ತಿಳಿದು, ಎಲ್ಲವೂ ಸರಿಯಾಗಿದೆ ಎಂದು ಹೇಳಿ ಕಳುಹಿಸಿಬಿಡುತ್ತಾರೆ.

ಈ ವರದಿ ದೋಷಾರೋಪಣ ಪಟ್ಟಿಯಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಹುಡುಗ ಎಂಥ ಪರಿಸ್ಥಿತಿಯಲ್ಲಿ ಬೆಳೆದ, ಶಾಲೆ ಏಕೆ ಬಿಟ್ಟ, ಅವನ ಹೊಣೆ ಹೊರಬಲ್ಲವರು ಯಾರಿದ್ದಾರೆ ಎಂಬುದನ್ನು ಮಂಡಳಿ ತಿಳಿಯುವುದು ಇದರಿಂದಲೇ. ಬುದ್ಧಿವಾದ ಹೇಳಿ ಮನೆಗೆ ಕಳುಹಿಸುವುದರಿಂದ ಹಿಡಿದು ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಇಂಥ ಮಕ್ಕಳನ್ನು ಇರಿಸಿ ತಿದ್ದುವ ವಿಶೇಷ ಗೃಹದಲ್ಲಿ ಗರಿಷ್ಠ 3 ವರ್ಷಗಳ ವಾಸದವರೆಗೆ ಹಲವು ಆದೇಶಗಳು ಮಂಡಳಿಯ ಕೈಯಲ್ಲಿರುವಾಗ, ಯಾವುದು ಈ ಹುಡುಗನಿಗೆ ತಕ್ಕದ್ದು ಎಂಬುದಕ್ಕೆ ಆಧಾರ ಬೇಕಲ್ಲವೇ?

ಬೈಕ್ ಕಳವಿನ ಒಂದು ಪ್ರಕರಣದಲ್ಲಿ, ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ ಎಂದು ತಾಯಿ ಹೇಳಿದ್ದರು. ಅಧಿಕಾರಿ ಕಾಲೇಜಿನಲ್ಲಿ ವಿಚಾರಿಸಿದಾಗ, ಅವನು ಬಹಳ ಕಾಲದಿಂದ ತರಗತಿಗೇ ಬಂದಿಲ್ಲವೆಂದು ತಿಳಿಯಿತು. ತಂದೆ ಮನೆ ಬಿಟ್ಟ ಮೇಲೆ ಅವನು ಗ್ಯಾರೇಜಿಗೆ ಸೇರಿದ್ದ. ಕಳವಿನ ಬೈಕ್ ಮಾರುತ್ತಿದ್ದ ದೊಡ್ಡವರ ಸಹವಾಸ ಆದದ್ದು ಅಲ್ಲಿಯೇ. ಜಾಮೀನಿಗೆ ಅರ್ಹವಲ್ಲದ ಅಪರಾಧದಲ್ಲೂ ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ. ಆದರೆ ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆಂದು ನಂಬಲು ಕಾರಣವಿದ್ದರೆ ಅದನ್ನು ನಿರಾಕರಿಸಬಹುದು. ಬೇರೆ ಊರಿನ ಸೋದರಮಾವ ಹುಡುಗನನ್ನು ತಮ್ಮಲ್ಲಿ ಇಟ್ಟುಕೊಳ್ಳಲು ಸಿದ್ಧರಿದ್ದರು. ಸಹವಾಸದ ಆಕ್ಷೇಪಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಗುತ್ತಿರಲಿಲ್ಲ, ಆದರೆ ಅದು ನನ್ನ ಕಿವಿಗೆ ಬಿದ್ದದ್ದು ಮೊದಲ ಅರ್ಜಿ ತಿರಸ್ಕೃತವಾದ ಮೇಲೆ. "ಗಂಡ ಬಿಟ್ಟುಹೋದದ್ದು ಊರಿಗೆಲ್ಲ ಗೊತ್ತಾಗುತ್ತೆ ಅಂತ ಹೆದರಿದೆ ಸರ್" ಎಂದರು ಆ ತಾಯಿ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಈ ವರದಿಯನ್ನು ಗೋಪ್ಯವಾಗಿಡಬೇಕೆಂದು ಕಾಯ್ದೆಯ 99ನೇ ಕಲಂ ವಿಧಿಸುತ್ತದೆ, ಹುಡುಗನ ಗುರುತನ್ನು ಮಾಧ್ಯಮಗಳು ಪ್ರಕಟಿಸುವುದನ್ನು 74ನೇ ಕಲಂ ನಿಷೇಧಿಸುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಮನೆಯ ಪರಿಸ್ಥಿತಿಯನ್ನು ಬಿಚ್ಚಿ ಹೇಳುವುದು ಬೇರೆ, ಘಟನೆಯ ದಿನ ಏನಾಯಿತೆಂದು ಹೇಳುವುದು ಬೇರೆ. ಎರಡನೆಯದರ ಬಗ್ಗೆ, ಅದರಲ್ಲೂ 16 ದಾಟಿದ ಹುಡುಗನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಮೊದಲು ವಕೀಲರೊಡನೆ ಮಾತನಾಡಿ. ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಉಚಿತವಾಗಿ ವಕೀಲರು ಸಿಗುತ್ತಾರೆ. ಅಧಿಕಾರಿ ಬರುವ ದಿನ ಶಾಲೆಯ ದಾಖಲೆ, ಚಿಕಿತ್ಸೆಯ ಚೀಟಿಗಳು ಮತ್ತು ಹುಡುಗನ ಹೊಣೆ ಹೊರಲು ಒಪ್ಪಿರುವ ಬಂಧುವಿನ ವಿಳಾಸವನ್ನು ಸಿದ್ಧವಾಗಿಡಿ; ಸಾಧ್ಯವಾದರೆ ಆ ಬಂಧುವನ್ನೇ ಮನೆಗೆ ಕರೆಸಿಕೊಳ್ಳಿ.