ಹಸುವಿಗೆ ಮಾಸ್ಕ್ ಹಾಕೋದು ಹೇಗೆ?

ನಮ್ಮ ಕಡೆ ಸಂಜೆಯಾದರೆ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ, ಸೊಳ್ಳೆ ಹೋಗಲಿ ಅಂತ. ಅರ್ಧ ಗಂಟೆ, ಆಮೇಲೆ ಗಾಳಿ ಬೀಸಿ ಎಲ್ಲ ತಿಳಿಯಾಗುತ್ತದೆ. ಅದೇ ಹೊಗೆ ಕೊಟ್ಟಿಗೆಯ ಒಳಗೂ ಹೊರಗೂ, ಹಗಲೂ ರಾತ್ರಿಯೂ ವಾರಗಟ್ಟಲೆ ನಿಂತರೆ? ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ದನ ಸಾಕುವವರಿಗೆ ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಇದೇ ಚಿಂತೆ. 2020ರಲ್ಲಿ ಕ್ಯಾಲಿಫೋರ್ನಿಯಾ, ಆರೆಗನ್, ವಾಷಿಂಗ್ಟನ್ ಕಾಡುಗಳು ಒಟ್ಟೊಟ್ಟಿಗೆ ಉರಿದಾಗ, ನೂರಾರು ಕಿಲೋಮೀಟರ್ ದೂರದ ಐಡಾಹೊ ಡೈರಿಗಳ ಮೇಲೂ ಹೊಗೆ ಬಂದು ಕೂತಿತ್ತು.

ಬೆಂಕಿಗೆ ಸಿಕ್ಕ ದನಗಳ ಸುದ್ದಿ ಪೇಪರಿನಲ್ಲಿ ಬರುತ್ತದೆ. 2024ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನ ಉತ್ತರದ ಹುಲ್ಲುಗಾವಲಿಗೆ ಬೆಂಕಿ ಬಿದ್ದು 10 ಲಕ್ಷ ಎಕರೆಗೂ ಜಾಸ್ತಿ ಸುಟ್ಟಿತು, 7,000ಕ್ಕೂ ಹೆಚ್ಚು ದನ ಸತ್ತವು. ಬದುಕುಳಿದ ದನಗಳ ಕಷ್ಟ ಬೇರೆ. ಮೊಲೆ ಬೆಂದ ತಾಯಿ ಕರುವನ್ನು ಹತ್ತಿರ ಸೇರಿಸುವುದಿಲ್ಲ. ಗೊರಸಿನ ಮೇಲಂಚು ಬೆಂದಿದ್ದರೆ, ಮೊದಲ ದಿನ ಚೆನ್ನಾಗೇ ನಡೆದಾಡಿದ ಹಸುವಿಗೆ ಒಂದೆರಡು ವಾರದಲ್ಲಿ ಗೊರಸೇ ಕಳಚಿಬಿಡಬಹುದು. ಇವೆಲ್ಲ ಕಣ್ಣಿಗೆ ಕಾಣುವ ಗಾಯ. ಹೊಗೆ ಮಾಡುವ ಹಾನಿ ಕಾಣುವುದು ಹಾಲಿನ ಲೆಕ್ಕದಲ್ಲಿ. ಐಡಾಹೊ ವಿಶ್ವವಿದ್ಯಾಲಯದವರು ಹೊಗೆಯ ದಿನಗಳಲ್ಲಿ ಅಳೆದು ನೋಡಿದರೆ ಹಾಲು ಇಳಿದಿತ್ತು, ಗಾಳಿ ತಿಳಿಯಾದ ಮೇಲೂ ಸುಮಾರು ಒಂದು ವಾರ ಅದರ ಪರಿಣಾಮ ಉಳಿದಿತ್ತು.

ಇಷ್ಟು ದೊಡ್ಡ ಪ್ರಾಣಿ, ಹೊಗೆಗೆ ಯಾಕೆ ಸೋಲುತ್ತದೆ? ಮೈಗೆ ಹೋಲಿಸಿದರೆ ಹಸುವಿನ ಶ್ವಾಸಕೋಶ ಚಿಕ್ಕದು. ಕುದುರೆಗೆ ಓಡುವಾಗ ಬೇಕಾಗುತ್ತದೆಂದು ಬೇಕಾದಷ್ಟು ಉಸಿರು ಕೂಡಿಟ್ಟಿರುತ್ತದೆ. ಹಸು ಸುಮ್ನೆ ನಿಂತು ಮೆಲುಕು ಹಾಕುವಾಗಲೇ ತನ್ನ ಬಂಡವಾಳದ ದೊಡ್ಡ ಪಾಲು ಖರ್ಚು ಮಾಡುತ್ತಿರುತ್ತದೆ. ಮೇಲಾಗಿ ಅದು ನಮ್ಮಷ್ಟು ಬೆವರುವುದಿಲ್ಲ, ಸೆಕೆ ಜಾಸ್ತಿಯಾದರೆ ಏದುಸಿರನ್ನೂ ಬಿಟ್ಟು ಮೈ ತಣಿಸಿಕೊಳ್ಳಬೇಕು. ಅಂದರೆ ಹೊಗೆ ತುಂಬಿದ ಬಿಸಿಲ ದಿನ, ಉಸಿರು ಕಡಿಮೆ ಎಳೆಯಬೇಕಾದ ಹೊತ್ತಿನಲ್ಲೇ ಜಾಸ್ತಿ ಎಳೆಯುತ್ತದೆ.

ಒಳಗೆ ಹೋಗುವ ಕಣ ಎಂಥದ್ದು ಗೊತ್ತಾ? 2.5 ಮೈಕ್ರಾನ್‌ ಅಥವಾ ಅದಕ್ಕಿಂತ ಸಣ್ಣದು, ನಮ್ಮ ಕೂದಲಿನ ದಪ್ಪದಲ್ಲಿ ಸುಮಾರು 20ರಲ್ಲಿ 1 ಪಾಲು. ಮೂಗಿನ ಕೂದಲು ಅದನ್ನು ತಡೆಯುವುದಿಲ್ಲ. ಗಾಳಿನಾಳದ ಗೋಡೆಗೆ ತೆಳ್ಳಗೆ ಲೋಳೆ ಅಂಟಿರುತ್ತದೆ, ಅದರಡಿಯ ಸೂಕ್ಷ್ಮ ರೋಮಗಳು ಆ ಲೋಳೆಯನ್ನು ಕಸದ ಸಮೇತ ಗಂಟಲ ಕಡೆಗೆ ತಳ್ಳುತ್ತಲೇ ಇರುತ್ತವೆ. ಲೋಳೆ ಒಣಗಿದರೆ ಈ ಕೆಲಸ ನಿಂತಂತೆ. ಹೊಗೆಯ ದಿನಗಳಲ್ಲಿ ಮೇವಿನ ಪಕ್ಕದಲ್ಲೇ ನೀರಿಡಿ ಎಂದು ಪಶುವೈದ್ಯರು ಹೇಳುವುದು ಇದಕ್ಕೇ. ಬಿಸಿಲಲ್ಲಿ ಚೆನ್ನಾಗಿ ಹಾಲು ಕೊಡುವ ಹಸು ದಿನಕ್ಕೆ 100 ಲೀಟರ್ ನೀರು ಕುಡಿಯುವುದು ದೊಡ್ಡ ಮಾತಲ್ಲ. ಒಣಹುಲ್ಲಿಗೂ ಸ್ವಲ್ಪ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಹೊಗೆಯ ಜೊತೆ ಅದರ ದೂಳೂ ಒಳಗೆ ಹೋಗುತ್ತದೆ.

ಹಾಗಾದರೆ ಕೊಟ್ಟಿಗೆ ಮುಚ್ಚಿಬಿಡಬಹುದಲ್ವಾ? ಆಗುವುದಿಲ್ಲ. ಅಲ್ಲಿನ ಡೈರಿ ಶೆಡ್‌ಗಳನ್ನು ಗಾಳಿಯಾಡಲೆಂದೇ ಬದಿ ತೆರೆದು ಕಟ್ಟಿರುತ್ತಾರೆ. ಮುಚ್ಚಿದರೆ ಸೆಕೆ ಏರುತ್ತದೆ, ಗಂಜಲದ ಅಮೋನಿಯಾ ಕಣ್ಣುರಿಸುತ್ತದೆ. ಫ್ಯಾನ್ ಹಾಕಿದರೆ ತಂಪಿನ ಜೊತೆ ಹೊಗೆಯನ್ನೂ ಎಳೆದು ತರುತ್ತದೆ. ಮಾಸ್ಕಿನ ಮಾತು ಬಿಡಿ, ಹಸು ಅದನ್ನೂ ಮೆಲುಕು ಹಾಕೀತು.

ಉಳಿದಿರುವ ದಾರಿ ಅಂದರೆ ಹಸುವನ್ನು ಅದರ ಪಾಡಿಗೆ ಬಿಡುವುದು. ಓಡಿಸಬಾರದು, ಲಾರಿಗೆ ಹತ್ತಿಸಬಾರದು. ಗಾಳಿ ತಿಳಿಯಾದ ಮೇಲೂ 4ರಿಂದ 6 ವಾರ ದನಗಳಿಗೆ ಸುಧಾರಿಸಿಕೊಳ್ಳಲು ಬಿಡಿ ಎಂಬುದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರ ಸಲಹೆ. ಸರಿಯಾದ ಮಾತೇ. ಆದರೆ ಮಾಂಸದ ದನ ಸಾಕುವವರ ಹಿಂಡು ಬೇಸಿಗೆಯಿಡೀ ಬೆಟ್ಟದ ಮೇಲೆ ಮೇಯುತ್ತಿರುತ್ತದೆ. ಅದನ್ನು ಕೆಳಗೆ ಹೊಡೆದುಕೊಂಡು ಬಂದು, ಕರುಗಳನ್ನು ತಾಯಿಯಿಂದ ಬಿಡಿಸಿ ಮಾರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ. 6 ವಾರ ಕಾದರೆ ಅಷ್ಟರಲ್ಲಿ ಮೇಲೆ ಹಿಮ ಬೀಳಲು ಶುರುವಾಗಿರುತ್ತದೆ.